ನೂಲಿಲ್ಲದ ಮಗ್ಗ

ಕಸ್ತೂರಿ, ಮೊದಲ ಆ ಉಪ್ಪಿನ ಡಬ್ಬಿ ಮುಟ್ಟು. ಮುಟ್ಟಿದೇನು? ಈಗ ಹೇಳು, ಈ ಮಾತು ಈ ಅಡಗಿ ಮನಿ ಹೊಸ್ತಿಲ ದಾಟೂದಿಲ್ಲ ಅಂತ. ನಿನ್ನ ಗಂಡಗೂ ಹೇಳಬಾರದು. ಗಂಡಸರ ಹೊಟ್ಟ್ಯಾಗ ಮಾತು ನಿಲ್ಲೂದಿಲ್ಲ, ಚಾದಂಗಡಿಗಿ ಹೋಗಿ ಕಾರಿಕೊಂಡು ಬರ್ತಾರ. ನಿಮ್ಮ ಅತ್ತಿಗಂತೂ ಬ್ಯಾಡ. ನಿನ್ನಿ ಮಠದಾಗಿಂದು ಅಕೀನೂ ಕೇಳ್ಯಾಳ, ಇವತ್ತಿಂದು ಹೇಳೂದಿದ್ರ ನಾನ ಹೇಳ್ತೇನಿ, ನಿನ್ನ ಬಾಯಾಗ ಅರ್ಧಾ ಕೆಡ್ತೈತಿ. ನೀ ಯಾಕ ಆಣಿ ಮಾಡಲಿಲ್ಲ ಅಂತ ನನ್ನ ಮಾರಿ ನೋಡಬ್ಯಾಡ. ಆಣಿ ಇರೂದು ಕೇಳಿದಾಕಿಗಿ. ನಾ ಕಣ್ಣಾರೆ ಕಂಡಾಕಿ.

ನಿನ್ನಿ ಸಂಜೀಕ ಮಠದಾಗ, ಅಷ್ಟು ಮಂದಿ ಕುಂತಾಗ, ನಮ್ಮ ಗಿರಣಿ ಸಂಗಣ್ಣ ಎದ್ದು ನಿಂತು ಸ್ವಾಮಿ ಅಜ್ಜಾರಿಗೆ ಒಂದು ಪ್ರಶ್ನೆ ಕೇಳಿದ.

"ಅಜ್ಜಾರ, ದುಡಿಯೂ ಮನ್ಯಾಗಿನ ಹೆಣ್ಣಮಗಳು ಹಗಲ ಹೊತ್ತಿನ್ಯಾಗ ಸುಮ್ಮನ ಕುಂಡ್ರೂದು ಪಾಪ ಹೌದೋ ಅಲ್ಲೋ?"

ಯಾರ ಬಗ್ಗೆ ಕೇಳಾಕತ್ತಾನ ಅಂತ ಕುಂತವರಿಗೆಲ್ಲಾ ತಿಳೀತು. ಕಂಬದ ಆ ಕಡೆ ಗಂಡಸರು ಕೆಮ್ಮಿದ್ರು. ಈ ಕಡೆ ನಾವು ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ವಿ. ಅವನ ಹೇಣ್ತಿ ದಾಕ್ಷಾಯಿಣಿ ಬಂದಿದ್ದಿಲ್ಲ. ಮಾವಗ ಗುಳಿಗಿ ಕೊಟ್ಟು, ಗಂಜಿ ಕುಡಸೂದಿತ್ತು ಅಕಿಗಿ. ತನ್ನ ಗಂಡ ತನ್ನ ಮಾತನ್ನ ಮಠದ ತನಕ ಒಯ್ದಾನ ಅಂತ ಇವತ್ತಿಗೂ ಅಕಿಗಿ ಗೊತ್ತಿಲ್ಲ. ಅದಕ್ಕ ಉಪ್ಪು ಮುಟ್ಟಸಿದ್ದು ನಾ.

ನಿನಗೂ ಗೊತ್ತೈತಲ್ಲ, ಅಕಿ ದಿನಾ ಮಧ್ಯಾಹ್ನ ಮಾಳಗಿ ಏರ್ತಾಳ. ಅಲ್ಲ, ಏರ್ತಿದ್ದಳು. ನಸುಕಿನ್ಯಾಗ ನಳದ ಮುಂದ ನಿಂತಾಕಿ, ರೊಟ್ಟಿ ಬಡಿದು, ಮಾವನ್ನ ಮೈ ತೊಳಿಸಿ, ಮಕ್ಕಳನ್ನ ಸಾಲಿಗಿ ಕಳಿಸಿ, ಗಿರಣ್ಯಾಗ ಗಂಡಗ ಕೈಗೂಡಿಸಿ, ಹುಬ್ಬಿನ ಮ್ಯಾಲೆ ಹಿಟ್ಟು ಕುಂತಿರತೈತಿ, ಹಂಗ ಮ್ಯಾಲೆ ಹೋಗ್ತಿದ್ಳು. ಕೈಯಾಗ ಹೆಣಿಕಿ ಇಲ್ಲ, ಮೊಬೈಲ್ ಇಲ್ಲ, ಜಪಮಣಿ ಇಲ್ಲ. ಗ್ವಾಡಿಗಿ ಬೆನ್ನು ಹಚ್ಚಿ, ಕಾಲು ಚಾಚಿ ಕುಂಡ್ರತಿದ್ಳು. ಅಷ್ಟ. ನಿದ್ದೀನೂ ಮಾಡ್ತಿದ್ದಿಲ್ಲ.

ನಮಗೂ ಎಲ್ಲಾರಿಗೂ ಹೊತ್ತು ಕಳಿಯೂ ಪದ್ಧತಿ ಅದಾವ. ನಿಮ್ಮ ಅತ್ತಿ ಟಿ.ವಿ. ಹಚ್ಚತಾಳ, ಧಾರಾವಾಹ್ಯಾಗಿನ ಸೊಸಿಗಿ ಬೈದು ಬೈದು ಮನ್ಯಾಗಿನ ಸೊಸಿಗಿ ಬೈಯ್ಯೂದು ಮರೀತಾಳ. ನಿನಗೂ ಅದ ಚಲೋ ಆಗೇತಿ. ನಾಗವ್ವ ತಂಬಾಕ ತಿಕ್ಕತಾಳ. ಗೌರಕ್ಕ ಭಜನಿಗಿ ಹೋಗ್ತಾಳ, ದೇವರ ಪುಣ್ಯ, ಅಕಿ ದನಿ ಅಲ್ಲೇ ಖರ್ಚಾಗತೈತಿ. ನಾ ನಾಕು ಮನಿ ತಿರುಗಿ ಬರ್ತೇನಿ, ಅದಕ್ಕ ಯೋಗಕ್ಷೇಮ ಕೇಳೂದು ಅಂತಾರ. ಸಂಗಣ್ಣಂದು ಇಸ್ಪೀಟ. ಕರೆಂಟ್ ಹೋಗಿ ಗಿರಣಿ ನಿಂತ್ರ ಬೇವಿನ ಗಿಡದ ಕಟ್ಟಿಗಿ ಹೋಗಿ ಕುಂಡ್ರತಾನ. ಓಣಿಗೆಲ್ಲಾ ಕರೆಂಟ್ ಬಂದ್ರೂ ಆಟ ಮುಗಿಯೂ ತನಕ ಗಿರಣಿಗಿ ಬಂದಿರೂದಿಲ್ಲ. ಅದಕ್ಕೆಲ್ಲಾ ಒಂದೊಂದು ಹೆಸರೈತಿ. ದಾಕ್ಷಾಯಿಣಿ ಕುಂಡ್ರೂದಕ್ಕ ಹೆಸರ ಇಲ್ಲ. ತಂಟೆ ಸುರು ಆಗಿದ್ದ ಅಲ್ಲಿ.

ಹಿಂದಿನ ವಾರ ಗಿರಣಿ ಮುಂದ ಹಿಟ್ಟಿಗೆ ನಿಂತಾಕಿ ಒಬ್ಬಾಕಿ ಅಂದಳಂತ, "ಸಂಗಣ್ಣಾ, ನಿನ್ನ ಹೇಣ್ತಿ ದಿನಾ ಮಾಳಗಿ ಮ್ಯಾಲೆ ಕುಂತು ಯಾರ ಹಾದಿ ನೋಡ್ತಾಳಪಾ?" ನಿಂತವರೆಲ್ಲಾ ನಕ್ಕರು. ಯಾರು ಅಂದ್ರು ಅಂತ ಕೇಳಬ್ಯಾಡ. ಪಾಳಿ ಉದ್ದ ಇದ್ದಾಗ ಹೊತ್ತು ಹೋಗ್ಲಿ ಅಂತ ಏನರೆ ಅಂತಾರ. ನಕ್ಕೋಂತ ಅಂದ ಮಾತು ಅದು. ಅಷ್ಟು ದೂರ ಹೋಗತೈತಿ ಅಂತ ಅಂದಾಕಿಗಿ ಏನ್ ಗೊತ್ತು.

ಅವತ್ತ ಸಂಜೀಕ ಅವರ ಮನಿಗೂ ನಮ್ಮ ಮನಿಗೂ ನಡುವಿನ ಗ್ವಾಡ್ಯಾಗಿಂದ ಎಲ್ಲಾ ಕೇಳಸ್ತು. ನಾ ಕಿವಿ ಹಚ್ಚಿದ್ದಿಲ್ಲ, ಗ್ವಾಡೀನ ತೆಳುವೈತಿ.

"ಇನ್ನ ಮ್ಯಾಲೆ ಹತ್ತಬ್ಯಾಡ," ಅಂದ.

"ಯಾಕ?" ಅಂದಳು.

"ಮಂದಿ ನೋಡ್ತಾರ."

"ನೋಡ್ಲಿ. ನಾ ಏನ್ ಮಾಡಾಕತ್ತೇನಿ?"

"ಏನೂ ಮಾಡೂದಿಲ್ಲಲ್ಲ, ಅದ ಮತ್ತ."

ಅಕಿ ಅಂದಳು, "ದಿನದಾಗ ಅಷ್ಟೊಂದು ಹೊತ್ತರೆ ನಂದು ಅಂತ ಇರ್ಲಿ ಬಿಡ್ರಿ." ಜಗಳ ಮಾಡೂ ದನಿ ಅಲ್ಲ ತಂಗಿ, ಕೇಳಿಕೊಳ್ಳೂ ದನಿ. ಮರುದಿನ ನೋಡ್ತೇನಿ, ಮಾಳಗಿಗಿ ಹಚ್ಚಿದ ನಿಚ್ಚಣಿಕಿ ಇಲ್ಲ. ಕೆಳಗಿಳಿಸಿ ಗಿರಣ್ಯಾಗ ಚೀಲದ ಹಿಂದ ಇಟ್ಟಿದ್ದ. ಅವತ್ತಿಂದ ಅಕಿ ಮಧ್ಯಾಹ್ನ ಹಿತ್ತಲ ಬಾಗಲದಾಗ ನಿಲ್ಲತಿದ್ಳು. ಮ್ಯಾಲೆ ಒಮ್ಮೆ ನೋಡಿ, ಒಳಗ ಹೋಗಿ ತೊಳೆದ ಭಾಂಡೇನ ಮತ್ತ ತೊಳೀತಿದ್ಳು.

ಅಷ್ಟಕ್ಕೂ ಸಮಾಧಾನ ಆಗಲಿಲ್ಲ ಅವಂಗ. ಮಠಕ್ಕ ಬಂದ.

ಅಜ್ಜಾರು ಕೇಳಿದ್ರು, "ಅಕಿ ಕುಂತ್ರ ನಿನಗೇನ್ ತ್ರಾಸ ತಮ್ಮಾ?"

"ನನಗೇನಿಲ್ರಿ ಅಜ್ಜಾರ. ಮನಿ ಮರ್ಯಾದಿ ಐತಲ್ರಿ. ಅಕಿಗೊಂದು ನೇಮ ಹಾಕಿಕೊಡ್ರಿ. ಆ ಹೊತ್ತಿನ್ಯಾಗ ಮಠದ ದೀಪಕ್ಕ ಬತ್ತಿ ಹೊಸೀಲಿ. ಕೈಯಾಗ ಒಂದು ಕೆಲಸ ಇರತೈತಿ, ಪುಣ್ಯಾನೂ ಬರತೈತಿ, ಮಂದಿ ಬಾಯೀನೂ ಮುಚ್ಚತೈತಿ. ನೀವು ಹೇಳಿದ್ರ ಇಲ್ಲ ಅನ್ನೂದಿಲ್ಲ ಅಕಿ."

ಎಷ್ಟು ಶಾಣ್ಯಾತನ ನೋಡು. ತಾ ಹೇಳಿದ್ರ ಜಗಳ, ಅಜ್ಜಾರು ಹೇಳಿದ್ರ ಪ್ರಸಾದ. ಕುಂತವರಾಗ ಒಬ್ಬಿಬ್ಬರು "ಖರೆ ಐತ್ರಿ" ಅಂದ್ರು. ನಿಮ್ಮ ಅತ್ತೀನೂ ಅಂದಳು. ನಾ ಅನ್ನಲಿಲ್ಲ. ಹೂಂ ಅಂತ ತಲಿ ಮಾತ್ರ ಹಾಕಿದ್ದೆ.

ಅಜ್ಜಾರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಕುಂಡ್ರಪಾ, ಒಂದು ಕತಿ ಕೇಳು," ಅಂದ್ರು. ಅವರು ಹೆಂಗ ಹೇಳಿದ್ರೋ ಹಂಗ ಹೇಳ್ತೇನಿ, ನಡುವ ನಂದೇನೂ ಸೇರಸೂದಿಲ್ಲ.

ಒಂದು ಓಣ್ಯಾಗ ಒಬ್ಬ ನೇಕಾರ ಇದ್ದ. ಆ ಓಣ್ಯಾಗ ಎಲ್ಲಾರೂ ನೇಕಾರರ. ಮನಿ ಮನ್ಯಾಗೂ ಕುಣಿ ಮಗ್ಗ. ಕುಣ್ಯಾಗ ಕಾಲು ಇಳಿಬಿಟ್ಟು ಕುಂಡ್ರೂದು, ಹಗ್ಗ ಎಳದ್ರ ಲಾಳಿ ಈ ಕಡಿಂದ ಆ ಕಡಿಗಿ ಓಡೂದು, ಹಲಗಿ ಬಡಿಯೂದು. ಹೊತ್ತು ಹುಟ್ಟಿದ್ರ ಓಣಿ ತುಂಬ ಅದ ಸಪ್ಪಳ. ಯಾವ ಸಪ್ಪಳ ಯಾರ ಮಗ್ಗದ್ದು ಅಂತ ಕೂಸಿಗೂ ಗೊತ್ತು. ಒಂದು ಮಗ್ಗ ನಿಂತ್ರ ಬಾಜೂ ಮನಿಯವರು ಬಂದು ಕೇಳತಿದ್ರು, ಜ್ವರ ಬಂದಾವೇನು, ನೂಲು ತೀರೇತೇನು, ಯಾರರೆ ಸತ್ತರೇನು ಅಂತ. ಅಲ್ಲಿ ಸುಮ್ಮನ ಇರೂದಕ್ಕ ಅವು ಬಿಟ್ಟು ಬ್ಯಾರೆ ಕಾರಣ ಇದ್ದಿದ್ದಿಲ್ಲ.

ಆ ನೇಕಾರ ಮೈಗಳ್ಳ ಅಲ್ಲ. ಚಲೋ ಕೈ ಇತ್ತು ಅವಂದು. ಆದರ ಮಧ್ಯಾಹ್ನ ಊಟ ಆದ ಮ್ಯಾಲೆ ಅವನ ಬೆನ್ನು ನೆಲ ಬೇಡತಿತ್ತು. ಒಂದಿನ ತಡೀಲಾರದ ಎದ್ದು ಬಂದು ಚಾಪಿ ಮ್ಯಾಲೆ ಅಡ್ಡಾದ. ಮಗ್ಗ ನಿಂತಿತು. ಅವನ ಕಣ್ಣು ಹತ್ತೂದರಾಗ ಮೂರು ಮನಿ ಆಚಿನ ಮುದುಕ ಬಾಗಲದಾಗ ತಲಿ ಹಾಕಿದ.

"ಯಾಕಪಾ, ಮಗ್ಗ ನಿಂತೈತಿ? ಮೈಯಾಗ ಆರಾಮಿಲ್ಲೇನು?"

ನೇಕಾರ ದಡಕ್ಕನ ಎದ್ದು ಕುಂತ. ಮೈ ಮ್ಯಾಲೆ ಅರಿವಿ ಇಲ್ಲದ ಸಿಕ್ಕವನಂಗ ನಾಚಿದ. "ನೂಲು ಹರಿದಿತ್ರಿ ಕಾಕಾ, ಕಟ್ಟಾಕತ್ತಿದ್ದೆ," ಅಂದ.

ಚಾಪಿ ಮ್ಯಾಲೆ ಕುಂತು ಯಾರರೆ ನೂಲು ಕಟ್ತಾರೇನು? ಮುದುಕ ಚಾಪಿ ನೋಡಿದ, ಇವನ ಮಾರಿ ನೋಡಿದ, ನಕ್ಕು ಹೋದ. ಅಜ್ಜಾರು ಇದನ್ನ ಹೇಳುವಾಗ ನಮ್ಮ ಕಡೆ ಯಾಕ ನೋಡಿದ್ರೋ ಗೊತ್ತಿಲ್ಲ. ನಾ ಸೆರಗು ಸರಿ ಮಾಡಿಕೊಂಡೆ. ಅದೇನು ಜಾರಿದ್ದಿಲ್ಲ.

ಮರುದಿನ ನೇಕಾರ ಹೇಣ್ತಿನ್ನ ಕರೆದ. ಮನಿ ಮೂಲ್ಯಾಗ ಅವನ ಅಪ್ಪನ ಕಾಲದ ಒಂದು ಮಗ್ಗ ಇತ್ತು. ಅದಕ್ಕ ಹಾಸು ಏರಿಸಿ ಭಾಳ ವರ್ಷ ಆಗಿತ್ತು. ಒಂದು ಎಳಿ ನೂಲಿಲ್ಲ ಅದರಾಗ. "ನಾ ಒಂದೀಟು ಬೆನ್ನು ಹಚ್ಚತೇನಿ. ನೀ ಇದರಾಗ ಕುಂತು ಹಗ್ಗ ಎಳಿ," ಅಂದ.

ಅಕಿ ಮಗ್ಗ ನೋಡಿದಳು. "ನೂಲಿಲ್ಲಲ್ಲ, ಏನ್ ನೇಯ್ಲಿ?"

"ನೇಯಬ್ಯಾಡ. ಸಪ್ಪಳ ಆದ್ರ ಸಾಕು."

ಅಕಿ ಕುಂತಳು. ಹಗ್ಗ ಎಳದಳು. ಲಾಳಿ ಬರಿಗಾಲಿಲೆ ಓಡಿತು. ಹಲಗಿ ಬಡೀತು. ನೇಕಾರ ಮಲಗಿದ. ಆಹಾ, ಎಂಥಾ ನಿದ್ದಿ. ಓಣ್ಯಾಗ ಯಾರೂ ತಲಿ ಹಾಕಲಿಲ್ಲ.

ಹಿಂಗ ದಿನಾ ನಡೀತು. ಆ ಹೆಣ್ಣಮಗಳು ಅದಕ್ಕ ಮೊದಲ ಅದ ಹೊತ್ತಿಗೆ ನೂಲಿನ ಕಂಡಿಕಿ ಸುತ್ತೂ ರಾಟಿ ಬದೀಗಿಟ್ಟು ಹೊಸ್ತಿಲದಾಗ ಗಾಳಿಗಿ ಕುಂಡ್ರತಿದ್ದಳಂತ. ಆ ಗಾಳಿ ಈಗ ಅಕಿನ್ನ ಬಿಟ್ಟು ಬೀಸಾಕ ಹತ್ತಿತು.

ಓಣಿ ಮಂದಿ ಮಾತ್ರ ನೇಕಾರನ್ನ ಹೊಗಳಾಕ ಸುರು ಮಾಡಿದ್ರು. "ಏನ್ ದುಡಿತಾನಪಾ. ಬಿಸಲ ಹೊತ್ತಿನ್ಯಾಗೂ ಮಗ್ಗ ನಿಲ್ಲಸೂದಿಲ್ಲ." ಮುದುಕರು ತಮ್ಮ ಮಕ್ಕಳಿಗೆ ಅವನ್ನ ತೋರಿಸಿ ಬೈದ್ರು. ಸಂತ್ಯಾಗ ಮಂದಿ ಅವಂಗ ಮೊದಲ ನಮಸ್ಕಾರ ಮಾಡಿದ್ರು. ಮೊದಲ ಅವ ಮಲಗಾಕ ನಾಚತಿದ್ದ. ಈಗ ಮಗ್ಗ ನಿಲ್ಲಸಾಕ ನಾಚಿದ. ಒಂದಿನ ಹೇಣ್ತಿ "ಇವತ್ತ ನನ್ನ ರಟ್ಟಿ ಏಳವಲ್ದು" ಅಂದಳು. "ಇವತ್ತೊಂದಿನ ಎಳಿ, ನಾಳೆ ನೋಡೂಣು," ಅಂದ. ಆ ನಾಳೆ ಅಕಿ ಕೇಳಲಿಲ್ಲ. ಕೇಳಿದ್ರ ಏನಂತಾನ ಅಂತ ತಿಳಿದಿತ್ತು ಅಕಿಗಿ.

ದಿನ ಹೋದಂಗ ಆ ಓಣ್ಯಾಗ ಒಂದು ಬದಲಾವಣಿ ಆತು. ಮಧ್ಯಾಹ್ನ ಅಲ್ಲೊಂದು ಇಲ್ಲೊಂದು ನಿಲ್ಲತಿದ್ದ ಮಗ್ಗ ನಿಲ್ಲೂದ ಬಿಟ್ಟವು. ಎಲ್ಲಾ ಮನ್ಯಾಗೂ ಸಪ್ಪಳ. ನೇಕಾರ ಚಾಪಿ ಮ್ಯಾಲೆ ಮಲಗಿ ಕೇಳಿಸಿಕೊಂಡು, 'ನನ್ನ ನೋಡಿ ಎಲ್ಲಾರೂ ದುಡಿಯೂದು ಕಲ್ತರು' ಅಂತ ತಿಳಿದ.

ಒಂದಿನ ಮಧ್ಯಾಹ್ನ ಅವಂಗ ಒಮ್ಮೆಲೆ ಎಚ್ಚರಾತು. ಸಪ್ಪಳ ಆಗಿ ಅಲ್ಲ, ಸಪ್ಪಳ ನಿಂತು. ನೋಡಿದ್ರ ಹಳೇ ಮಗ್ಗದ ಹಗ್ಗ ಸವೆದು ಹರಿದಿತ್ತು. ಹೇಣ್ತಿ ಮಗ್ಗದ ಮರದ ಮ್ಯಾಲೆ ತಲಿ ಇಟ್ಟಿದ್ಳು. ಹಗ್ಗ ಹರಿದಿದ್ದಕ್ಕ ಬ್ಯಾಸರ ಆಗಿ ಕುಂತಾಳಂತ ತಿಳಿದ. ಅಕಿ ಕಡೆ ಸರಿಯಾಗಿ ನೋಡಲೂ ಇಲ್ಲ. ಈಗ ಮುದುಕ ಬರ್ತಾನ, ಈಗ ಕೇಳ್ತಾನ, ಅದ ಅವನ ತಲ್ಯಾಗ. ಒಂದು ಹಗ್ಗ ಬೇಕಾಗಿತ್ತು, ಲಗೂನ ಬೇಕಾಗಿತ್ತು. ಮುಂಬಾಗಲಿಂದ ಹೋದ್ರ ಮಂದಿ ನೋಡ್ತಾರ. ಹಿತ್ತಲ ಬಾಗಲಿಂದ ಬಾಜೂ ಮನಿಗಿ ಓಡಿದ.

ಆ ಮನ್ಯಾಗ ಮಗ್ಗದ ಸಪ್ಪಳ ಜೋರ ಇತ್ತು. ಒಳಗ ಇಣುಕಿದ. ಮನಿಯಂವ ಚಾಪಿ ಮ್ಯಾಲೆ ಬಾಯಿ ತೆಗೆದು ಮಲಗಿದ್ದ. ಕುಣ್ಯಾಗ ಅವನ ಹೇಣ್ತಿ ಕುಂತಿದ್ಳು. ಮಗ್ಗದಾಗ ನೂಲಿದ್ದಿಲ್ಲ.

ಅಕಿ ಇವನ್ನ ನೋಡಿದಳು. ಹಗ್ಗ ಎಳಿಯೂದು ಬಿಡಲಿಲ್ಲ. ಎಡಗೈ ಬಟ್ಟು ತುಟಿ ಮ್ಯಾಲೆ ಇಟ್ಟು, ಮಲಗಿದವನ ಕಡೆ ಕಣ್ಣು ಮಾಡಿದಳು. ಆಮ್ಯಾಲೆ ಸಣ್ಣ ದನೀಲೆ ಕೇಳಿದಳು, "ಏನ್ ಬೇಕಾಗಿತ್ತಣ್ಣಾ?"

ಅವ ಹಗ್ಗ ಕೇಳದ ಹಿಂದ ಸರಿದ. ಅಲ್ಲಿಂದ ಮುಂದಿನ ಮನಿ ಹಿತ್ತಲಕ್ಕ ಹೋದ. ಅಲ್ಲೂ ಹಂಗ. ಅದರ ಮುಂದಿನ ಮನ್ಯಾಗ ಮಲಗಿದ್ದಂವ ಆ ಮುದುಕ. ತಲಿ ಹಾಕಿ ಕೇಳಿದ್ನಲ್ಲ, ಅವನ. ಮಗ್ಗದಾಗ ಅವನ ಮುದುಕಿ ಕುಂತಿದ್ಳು. ಬಲಗೈ ಸೋತಿತ್ತಂತ ಎರಡೂ ಕೈಲೆ ಹಗ್ಗ ಹಿಡಿದಿದ್ಳು.

ಇದನ್ನ ಹೇಳುವಾಗ ಮಠದಾಗ ನೀ ಇರಬೇಕಾಗಿತ್ತು ತಂಗಿ. ಖರೆ ಐತ್ರಿ ಅಂದವರು ಕಂಬದ ಕಲ್ಲು ನೋಡಾಕತ್ತಿದ್ರು. ನಿಮ್ಮ ಅತ್ತಿ ಬಳಿ ತಿರುವಿಕೊಂತ ಕುಂತಿದ್ಳು. ಸಂಗಣ್ಣ ಮಾತ್ರ ಇನ್ನೂ ತಲಿ ಎತ್ತಿ ಕೇಳತಿದ್ದ, ಯಾರೋ ಮಂದಿ ಕತಿ ಕೇಳಿದಂಗ.

ನೇಕಾರ ಕಾಲೆಳಕೊಂತ ತನ್ನ ಮನಿಗಿ ಬಂದ. ಹೇಣ್ತಿ ಹಂಗ ಇದ್ಳು, ಮರದ ಮ್ಯಾಲೆ ತಲಿ ಇಟ್ಟು. ಹಂತೇಕ ಹೋಗಿ ನೋಡಿದ. ಅಕಿಗಿ ನಿದ್ದಿ ಹತ್ತಿತ್ತು. ಹಗ್ಗ ಹರಿದ ಗಳಿಗ್ಯಾಗ ಹತ್ತಿದ ನಿದ್ದಿ ಅದು. ಬಾಯಿ ಅರ್ಧ ತೆರೆದಿತ್ತು. ಕಣ್ಣಿನ ಸುತ್ತ ಕಪ್ಪಾಗಿತ್ತು. ಅಕಿ ಮಾರಿ ಹಿಂಗ ಆಗೇತಿ ಅಂತ ಅವಂಗ ಅವತ್ತ ಗೊತ್ತಾತು. ಅಕಿ ಬಲಗೈ ಮಾತ್ರ ಮಲಗಿದ್ದಿಲ್ಲ. ಹಗ್ಗ ಇಲ್ಲದ ಎಳೀತಿತ್ತು. ಎಳೀತಿತ್ತು, ಬಿಡ್ತಿತ್ತು, ಮತ್ತ ಎಳೀತಿತ್ತು.

ನೇಕಾರ ಆ ಕೈ ಹಿಡೀಬೇಕಂತ ಬಗ್ಗಿದ. ಹಿಡದ್ರ ಎಚ್ಚರಾಗತೈತಿ. ಎಚ್ಚರಾದ್ರ ಅಕಿ ಮೊದಲ ಹಗ್ಗ ಹುಡಕತಾಳ. ಕೈ ಹಿಂದಕ್ಕ ತಗೊಂಡ. ಅಕಿ ಮುಂದ ನೆಲದ ಮ್ಯಾಲೆ ಕುಂತ.

ಅಷ್ಟರಾಗ ಬಾಗಲದಾಗ ಕೋಲು ಊರಿದ ಸಪ್ಪಳ ಆತು. ಮುದುಕ ನಿದ್ದಿಗಣ್ಣಿಲೆ ಎದ್ದು ಬಂದಿದ್ದ.

"ಯಾಕಪಾ, ನಿನ್ನ ಮಗ್ಗ ನಿಂತೈತಿ?"

ಅಜ್ಜಾರು ಕತಿ ಅಲ್ಲಿಗೆ ನಿಲ್ಲಿಸಿದ್ರು.

ನಾವು ಕಾದ್ವಿ. ಇನ್ನ ಹೇಳ್ತಾರ, ಈಗ ಹೇಳ್ತಾರ ಅಂತ. ಅವರು ಹೆಗಲ ಮ್ಯಾಲಿನ ವಸ್ತ್ರ ಮಡಚಿಕೊಂಡ್ರು, ನೀರು ಕುಡದ್ರು. ಕಡೀಕ ಸಂಗಣ್ಣನ ತಡೀಲಾರದ ಕೇಳಿದ.

"ನೇಕಾರ ಏನಂದನ್ರಿ ಅಜ್ಜಾರ?"

ಅಜ್ಜಾರು ಅವನ ಮಾರಿ ನೋಡಿ ಅಂದ್ರು, "ಅದನ್ನ ನೀನ ಹೇಳಬೇಕಪಾ, ಅಕಿ ಕೈಗೊಂದು ಹಗ್ಗ ಕೊಡ್ರಿ ಅಂತ ಬಂದಾಂವ ನೀನು."

ಸಂಗಣ್ಣನ ತಲಿ ಕೆಳಗಾತು ನೋಡು, ಹಂಗ ಉಳೀತು. ಯಾರೂ ನಗಲಿಲ್ಲ. ಬ್ಯಾರೆ ದಿನ ಆಗಿದ್ರ ನಾವು ಅವನ್ನ ತಿಂದಬಿಡ್ತಿದ್ವಿ. ಗಂಡಸರು ತಮ್ಮ ತಮ್ಮ ಮನಿ ನೆನಸಿಕೊಂಡಿರಬೇಕು. ಹೆಂಗಸರು ಏನ್ ನೆನಸಿಕೊಂಡರೋ, ನಾ ಅಂತೂ ಗಿರಣಿ ಮುಂದಿನ ಪಾಳಿ ನೆನಸಿಕೊಂಡೆ. ಎದ್ದು ಬರುವಾಗ ಒಬ್ಬರಿಗೊಬ್ಬರು 'ಬರ್ತೇನಿ' ಅಂತನೂ ಅನ್ನಲಿಲ್ಲ. ಸಂಗಣ್ಣ ಪ್ರಸಾದ ತಗೊಳ್ಳೂದು ಮರೆತು ಹೊರಗ ಬಂದು, ತನ್ನ ಚಪ್ಪಲಿ ತನ್ನ ಕಾಲ ಮುಂದ ಇದ್ರೂ ಹುಡುಕಿದ.

ಇನ್ನೊಂದು ಐತಿ, ಅದನ್ನೂ ಕೇಳು. ಇದು ಇವತ್ತ ಮಧ್ಯಾಹ್ನದ್ದು.

ಕರೆಂಟ್ ಹೋತಲ್ಲ, ಆವಾಗ. ನಾ ಹಿತ್ತಲ ಕಡೆ ಕಿಡಕ್ಯಾಗ ನಿಂತಿದ್ನಿ. ಸಂಗಣ್ಣ ಕಟ್ಟಿಗಿ ಹೋಗಲಿಲ್ಲ. ಗಿರಣ್ಯಾಗಿಂದ ನಿಚ್ಚಣಿಕಿ ಹೊತಕೊಂಡು ಬಂದ. ಬೇವಿನ ಗಿಡದ ಕಡಿಂದ ಯಾರೋ ಕೂಗಿದ್ರು, "ಏ ಸಂಗಣ್ಣಾ, ಇಸ್ಪೀಟ ಎಲಿ ಹಂಚೇವು, ಎಲ್ಲಿ ಹೊಂಟಿ, ಮಾಳಗಿ ಸೋರಾಕತ್ತೇತೇನು?" ಅವ ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಕೆಂಪಾಗಿದ್ದವು.

ದಾಕ್ಷಾಯಿಣಿ ಹಿತ್ತಲದಾಗ ಭಾಂಡೆ ತಿಕ್ಕತಿದ್ಳು. ನಿಚ್ಚಣಿಕಿ ನೋಡಿ, ನೀರಿನ ಟಾಕಿ ನೋಡಾಕ ಏರ್ತಾನಂತ ತಿಳಿದು, ಬದಿಗಿ ಸರಿದು ಜಾಗ ಕೊಟ್ಟಳು. ಅವ ಗ್ವಾಡಿಗಿ ಹಚ್ಚಿದ. ಅಳ್ಳಾಡತೈತೇನು ಅಂತ ಒತ್ತಿ ನೋಡಿದ. ಕೆಳಗೊಂದು ಕಲ್ಲು ಇಟ್ಟ. ಏರಲಿಲ್ಲ.

"ನಿಚ್ಚಣಿಕಿ ಹಚ್ಚೇನಿ," ಅಂದ. ಅಕಿ ಮಾರಿ ನೋಡಲಿಲ್ಲ, ಗ್ವಾಡಿಗಿ ಹೇಳಿದ.

"ಯಾಕ?" ಅಂದಳು ಅಕಿ.

ಅವ ಅಕಿ ಕೈಯಾಗಿನ ಬೋಗಾಣಿ ಇಸಗೊಂಡ. ಇಸಗೊಂಡು ತಾನ ಕುಕ್ಕರಗಾಲಿಲೆ ಕುಂತು ತಿಕ್ಕಾಕ ಹತ್ತಿದ. ಬೂದಿ ಎಲ್ಲಿ ಹಾಕಬೇಕಂತ ಗೊತ್ತಿಲ್ಲ, ನಾರು ಹೆಂಗ ಹಿಡೀಬೇಕಂತ ಗೊತ್ತಿಲ್ಲ. ಅಕಿ ಒದ್ದಿ ಕೈಲೆ ಹಂಗ ನಿಂತಳು. ಮ್ಯಾಲೆ ನೋಡಿದಳು, ಅವನ್ನ ನೋಡಿದಳು. ಅಂಜಿದ್ಳು, ಅಕಿಗಿ ಇದರಾಗೂ ಏನೋ ಐತಿ ಅನಿಸಿರಬೇಕು. ಕೊಟ್ಟಿದ್ದನ್ನ ಮತ್ತ ಕಸಗೊಳ್ಳಾಕ ಕೊಡ್ತಾರಂತ ಅನಿಸಿರಬೇಕು.

ಅಷ್ಟರಾಗ ಸಂಗಣ್ಣ ತಲಿ ಎತ್ತಿದ. ಕಿಡಕ್ಯಾಗ ನಾ ಇದ್ನಿ. ಕಣ್ಣಿಗಿ ಕಣ್ಣು ಬಿತ್ತು. ಅವ ಮಾರಿ ಕೆಳಗ ಹಾಕಿದ. ನಾನೂ ಹಾಕಿದೆ. ಕಿಡಕಿ ಮುಚ್ಚಿದ್ನಿ, ಸಪ್ಪಳ ಆಗದಂಗ.

ಏರಿದ್ಳೇನು ಅಂತ ಕೇಳಬ್ಯಾಡ ಕಸ್ತೂರಿ. ನನಗ ಗೊತ್ತಿಲ್ಲ. ನಗಬ್ಯಾಡ. ಈ ಓಣಿಗಿ ಲಗ್ನ ಆಗಿ ಬಂದ ಮ್ಯಾಲೆ ಒಂದು ವಿಷಯ ನಾ ನೋಡದ ಬಿಟ್ಟಿದ್ದು ಅಂದ್ರ ಅದೊಂದ. ಕಿಡಕಿ ಈ ಕಡೆ ಕುಂತೆ. ಕುಂತ್ರ ಕೈಗೆ ಏನೂ ಕೆಲಸ ಇಲ್ಲ, ಬಾಯಿಗೂ ಇಲ್ಲ. ಅಂಥಾದ್ದು ಭಾಳ ಕಷ್ಟ ಐತಿ ತಂಗಿ. ಅಕಿ ದಿನಾ ಹಂಗ ಹೆಂಗ ಕುಂಡ್ರತಿದ್ಳೋ. ಕುಂತು ಕುಂತು ನನಗ ಒಂದು ಅನಿಸ್ತು, ಅವತ್ತ ಗಿರಣಿ ಮುಂದ ಆ ಮಾತು ಅಂದಾಕಿ...

ಇರು, ಸುಮ್ಮನಿರು. ಬಾಗಲದಾಗ ಯಾರೋ ಬಂದ್ರು. ನಿಮ್ಮ ಅತ್ತಿ ಅಲ್ಲ, ಅಕಿದು ಕೆಮ್ಮು ಮೊದಲ ಬರ್ತೈತಿ. ದಾಕ್ಷಾಯಿಣಿ ದನಿ. ಹೌದು, ಅಕೀನ. ಉಪ್ಪು ಮುಟ್ಟೀ, ನೆನಪಿಡು. ಮಾರಿ ಸರಿ ಮಾಡಿಕೋ. ಅದೇನ್ ಕಸ್ತೂರಿ, ಆ ಮೊರ ಯಾಕ ಮಡಿಲಾಗ ಎಳಕೊಂಡಿ? ಯಾರರೆ ಬಂದ್ರ ಕೈ ತಾನ ಹೋಗತೈತಿ, ಅಲ್ಲ? ಬದಿಗಿಡು. ಇಡು ಅಂದ್ನಿ. ಬಾ ಯವ್ವಾ ದಾಕ್ಷಾಯಿಣಿ, ಒಳಗ ಬಾ, ಏನೂ ಇಲ್ಲ, ನಾವೂ ಹಿಂಗ ಸುಮ್ಮನ ಕುಂ—